ದಮ್ ಇರುವಷ್ಟು ಹೊತ್ತು

ಒಬ್ಬ ಮನುಷ್ಯನ ಉಸಿರಿನಲ್ಲಿ ಎಷ್ಟು ಹನಿಗಳು ಹೊರಬೀಳುತ್ತವೆ ಎಂದು ಎಣಿಸುವ ಯಂತ್ರ ಹಾವೇರಿಗೆ ಬಂದ ಮೇಲೆ, ಹೊಸಬರು ಸಿಕ್ಕರೆ ಜನ ಊರು, ಮನೆತನ ಕೇಳುವ ಮೊದಲು ಘಾಟು ಎಷ್ಟು ಎಂದು ಕೇಳತೊಡಗಿದರು.

ಸರಕಾರ ಆ ಅಂಕಿಗೆ ಇಟ್ಟ ಹೆಸರು 'ಶ್ವಾಸಕಣ ಸೂಚ್ಯಂಕ'. ಅದನ್ನು ಯಾರೂ ಬಾಯಿಗೆ ತಂದುಕೊಳ್ಳಲಿಲ್ಲ. ಒಗ್ಗರಣೆಯ ಎಣ್ಣೆಗೆ ಮೆಣಸಿನಕಾಯಿ ಬಿದ್ದರೆ ಕಣ್ಣಿಗೆ ಕಾಣದ್ದೊಂದು ಮೇಲೆದ್ದು ಅಡುಗೆಮನೆಯವರನ್ನೂ ಪಡಸಾಲೆಯವರನ್ನೂ ಕೆಮ್ಮಿಸುತ್ತದಲ್ಲ, ಅದೇ ಘಾಟು. ಮೆಣಸಿನಕಾಯಿಯ ಜಿಲ್ಲೆಯ ಜನಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಬ್ಯಾಡಗಿ ಕಾಯಿ ಬಣ್ಣಕ್ಕೆ, ಗುಂಟೂರು ಕಾಯಿ ಖಾರಕ್ಕೆ. ಹಾಗಾಗಿ ಅಂಕಿ ಅರವತ್ತರ ಕೆಳಗಿದ್ದವರು ಬ್ಯಾಡಗಿ, ಮೇಲಿದ್ದವರು ಗುಂಟೂರು ಆದರು.

ಎದೆಜ್ವರ ಆಗಲೇ ಎರಡು ಸಲ ಬಂದು ಹೋಗಿತ್ತು. ಎರಡೂ ಸಲ ಎಲ್ಲರಿಗೂ ಮಾಸ್ಕ್ ಹಾಕಿಸಿ, ಎಲ್ಲರ ಅಂಗಡಿ ಮುಚ್ಚಿಸಿ ಸರಕಾರ ಸೋತಿತ್ತು. ಆಮೇಲೆ ವಿಜ್ಞಾನಿಗಳು ಹೇಳಿದ್ದು ಇಷ್ಟು: ಜ್ವರ ಬಂದವರಲ್ಲಿ ಹೆಚ್ಚಿನವರು ಯಾರಿಗೂ ಹಚ್ಚುವುದಿಲ್ಲ, ಎಲ್ಲೋ ಒಬ್ಬಿಬ್ಬರು ಇಡೀ ಓಣಿಗೆ ಹಚ್ಚುತ್ತಾರೆ. ಆ ಒಬ್ಬಿಬ್ಬರು ಯಾರೆಂದು ಮೊದಲೇ ಗೊತ್ತಾದರೆ ಉಳಿದವರನ್ನು ಅವರ ಪಾಡಿಗೆ ಬಿಡಬಹುದು. ಹಾಗೆ ಗೊತ್ತು ಮಾಡಿಕೊಳ್ಳಲು ಯಂತ್ರ ಬಂತು. ಅದರ ಹಿಂದೆಯೇ, ಗುಂಟೂರಿನವರು ಸೂರಿನ ಕೆಳಗೆ ಇನ್ನೊಬ್ಬರಿದ್ದಾಗ ಬಾಯಿಬಿಟ್ಟು ಮಾತಾಡಬಾರದು ಎಂಬ ನಿಯಮ ಬಂತು. ಉಣ್ಣಬಹುದು, ದುಡಿಯಬಹುದು, ಮದುವೆಗೂ ಹೋಗಬಹುದು. ಮಾತಾಡಲೇಬೇಕೆನಿಸಿದರೆ ಕೆರೆಯ ದಂಡೆಯ ಬಯಲಿಗೆ ಹೋಗಬೇಕು.

ಕಸ್ತೂರಿ ಆ ಯಂತ್ರ ನಡೆಸುವ ತಂತ್ರಜ್ಞೆ. ಅವಳ ಗಂಡ ಫಕೀರಪ್ಪ ಗುಂಟೂರು.

ಫಕೀರಪ್ಪ ಕಾಯಿಪಲ್ಯೆ ಮಾರುಕಟ್ಟೆಯಲ್ಲಿ ಲಿಲಾವು ಕೂಗುತ್ತಿದ್ದವನು. ಬೆಳಗಿನ ಜಾವ ಬದನೆಕಾಯಿ ಬುಟ್ಟಿಗಳ ನಡುವೆ ನಿಂತು ದರ ಏರಿಸುತ್ತ ಹೋದರೆ ಅವನ ದನಿ ಬಸ್ ನಿಲ್ದಾಣದ ಚಹಾದಂಗಡಿಯವರೆಗೆ ಕೇಳುತ್ತಿತ್ತು. ಕೊನೆಯ ದರ ಮುಟ್ಟುವವರೆಗೆ ಉಸಿರು ಎಳೆದುಕೊಳ್ಳಬಾರದು, ಎಳೆದುಕೊಂಡರೆ ಆ ಸಂದಿನಲ್ಲಿ ಕೊಳ್ಳುವವನ ಮನಸ್ಸು ಬದಲಾಗುತ್ತದೆ ಎನ್ನುತ್ತಿದ್ದ. ಅವನ ಘಾಟು ಇನ್ನೂರು ದಾಟಿದಾಗ ಸಾಲಿನಲ್ಲಿದ್ದವರು ನಕ್ಕಿದ್ದರು. "ಇಂವ ಗುಂಟೂರಲ್ಲೋ, ಗುಂಟೂರಿನ ಗೋಡೌನ್" ಎಂದು ಯಾರೋ ಅಂದಿದ್ದರು. ಅವನೂ ನಕ್ಕಿದ್ದ.

ಅವನ ತಾಯಿ ನೀಲವ್ವನಿಗೆ ಕಿವಿ ಮಂದ. ಮನೆಯೊಳಗೆ ಯಾರು ನೋಡುತ್ತಾರೆ ಎಂದು ಫಕೀರಪ್ಪ ಅವಳ ಕಿವಿಯ ಹತ್ತಿರ ಬಾಯಿಟ್ಟು, "ಯವ್ವಾ, ಊಟ ಆತೇನ?" ಎಂದು ಕೂಗುವುದನ್ನು ಬಿಡಲಿಲ್ಲ. ಆ ಮಳೆಗಾಲದಲ್ಲಿ ಮನೆಯ ನಾಲ್ವರಿಗೂ ಎದೆಜ್ವರ ಬಂತು. ಮೂವರು ಎದ್ದರು. ನೀಲವ್ವ ಏಳಲಿಲ್ಲ.

ಕೇಂದ್ರದ ಒಳಗೆ ಒಂದು ಕೋಣೆಯಿದೆ. ಅದರ ಗೋಡೆಯಗಲದ ಪರದೆಯ ಮೇಲೆ ಊರಿನ ನಕ್ಷೆ, ನಕ್ಷೆಯ ಮೇಲೆ ಜ್ವರ ಬಂದವರ ಚುಕ್ಕೆಗಳು, ಚುಕ್ಕೆಯಿಂದ ಚುಕ್ಕೆಗೆ ಬಾಣಗಳು. ಯಾರ ಘಾಟು ಎಷ್ಟು, ಯಾರು ಯಾರ ಹತ್ತಿರ ಎಷ್ಟು ಹೊತ್ತು ಇದ್ದರು, ಯಾರಿಗೆ ಮೊದಲು ಜ್ವರ ಬಂತು ಎಂಬ ಲೆಕ್ಕ ಹಾಕಿ ಕಂಪ್ಯೂಟರು ಬಾಣ ಎಳೆಯುತ್ತದೆ. ಎಲ್ಲರೂ ಅದನ್ನು ಬಾಣದ ಕೋಣೆ ಎನ್ನುತ್ತಾರೆ. ನೀಲವ್ವನ ಚುಕ್ಕೆಗೆ ನಾಟಿದ ಬಾಣದ ಬಾಲ ಫಕೀರಪ್ಪನ ಚುಕ್ಕೆಯಲ್ಲಿತ್ತು. ಕಸ್ತೂರಿ ಅದನ್ನು ಪರದೆಯ ಮೇಲೆ ನೋಡಿದಳು. ಉಳಿದವರು ಫೋನಿಗೆ ಬಂದ ಸಂದೇಶದಲ್ಲಿ ಓದಿಕೊಂಡರು.

ಅಂದಿನಿಂದ ಫಕೀರಪ್ಪ ಮಾತಾಡಿಲ್ಲ. ಮನೆಯಲ್ಲಷ್ಟೇ ಅಲ್ಲ, ಕೆರೆಯ ಬಯಲಿನಲ್ಲೂ. ಗುಂಟೂರಿನವರೆಲ್ಲ ಸಂಜೆ ಅಲ್ಲಿ ಸೇರಿ, ದೂರದೂರ ನಿಂತು ಒಬ್ಬರಿಗೊಬ್ಬರು ಒದರಾಡಿ ಎದೆ ಹಗುರ ಮಾಡಿಕೊಂಡು ಬರುತ್ತಾರೆ. ಅವನು ಒಂದೆರಡು ಸಲ ಹೋಗಿ ಸುಮ್ಮನೆ ನಿಂತು ಬಂದ. ಆಮೇಲೆ ಹೋಗುವುದನ್ನೂ ಬಿಟ್ಟ. ಮಾರುಕಟ್ಟೆಯವರು ಅವನನ್ನು ತೂಕದ ಕಾಟಾಕ್ಕೆ ಹಾಕಿದರು.

ಇದಾಗಿ ಎರಡು ವರ್ಷ. ಮನೆಗೆ ಅಭ್ಯಾಸವಾಗಿತ್ತು. ಹುಬ್ಬು, ಬೆರಳು, ಚಪ್ಪಾಳೆಯಲ್ಲಿ ಅವನ ಸಂಸಾರ ಸಾಗುತ್ತಿತ್ತು. ಹದಿಮೂರರ ಮಗಳು ವಿದ್ಯಾಶ್ರೀ ಅವನ ದುಭಾಷಿ.

"ಅವ್ವಾ, ಪಲ್ಯಕ್ಕ ಉಪ್ಪು ಹಾಕಾಕ ಮರತೀಯೇನಂತ ಕೇಳಾಕತ್ತಾನ ಅಪ್ಪ."

"ಅವರು ಅಷ್ಟ ಉದ್ದಂದು ಏನೂ ಕೇಳಿಲ್ಲ. ಬರೇ ಹುಬ್ಬು ಹಾರಿಸಿದ್ರು."

"ಆ ಹುಬ್ಬಿನ ಅರ್ಥ ಅದ. ಎಡಗಡೆದು ಹಾರಿದ್ರ ಉಪ್ಪು, ಎರಡೂ ಹಾರಿದ್ರ ನಿನ್ನ ಅಣ್ಣ ಬಂದಾನ ಅಂತ."

ಫಕೀರಪ್ಪನ ಭುಜ ಕುಲುಕಿತು. ಅವನ ನಗು ಈಗ ಭುಜದಲ್ಲಿತ್ತು.

ವಿದ್ಯಾ ಬಾಯಿ ಮುಚ್ಚಿದವಳಲ್ಲ. ಶಾಲೆಯ ಪ್ರಾರ್ಥನೆಯಲ್ಲಿ ಸುದ್ದಿ ಓದುವವಳು ಅವಳೇ. ಮನೆಗೆ ಬಂದ ಮೇಲೂ ಅದೇ ದನಿಯಲ್ಲಿ ಓಣಿಯ ಸುದ್ದಿ ಓದುತ್ತಿದ್ದಳು. ಅಜ್ಜಿ ಇದ್ದಾಗ ಅಜ್ಜಿಯ ಪಕ್ಕದಲ್ಲೇ ಮಲಗಿ, ಕಿವಿಗೆ ಬಾಯಿ ಹಚ್ಚಿ, ಅಜ್ಜಿ ನಿದ್ದೆ ಹೋದದ್ದೂ ತಿಳಿಯದೆ ಹೇಳುತ್ತಲೇ ಇರುತ್ತಿದ್ದಳು.

ಕಸ್ತೂರಿಗೆ ಗಂಡನ ದನಿ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ಆಗುತ್ತಿರಲಿಲ್ಲ. ಅದಕ್ಕಾಗಿ ದುಃಖವೂ ಆಗುತ್ತಿರಲಿಲ್ಲ. ಅವಳು ಅವನನ್ನು ಒಮ್ಮೆಯೂ ಬಯ್ದಿರಲಿಲ್ಲ. ನಿನ್ನ ತಪ್ಪಲ್ಲ ಎಂದೂ ಹೇಳಿರಲಿಲ್ಲ.

*

ಘಾಟಿನ ಪರೀಕ್ಷೆಯನ್ನು ಎರಡು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ಆ ಸೋಮವಾರ ಮಾರುಕಟ್ಟೆಯ ಹಮಾಲರ ಸರದಿ ಇತ್ತು. ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಇಂದುಮತಿ ಚಾಮರಾಜನಗರದ ಕಡೆಯವರು. ಪರೀಕ್ಷೆಯ ಹೊತ್ತಿಗೆ ಹೊರಗೆ ಬರುವ ರೂಢಿ ಅವರಿಗಿರಲಿಲ್ಲ. ಅಂದು ಎರಡನೇ ಯಂತ್ರ ಕೆಟ್ಟಿದ್ದರಿಂದ ಕಸ್ತೂರಿಯ ಪಕ್ಕದಲ್ಲಿ ಕುಳಿತಿದ್ದರು.

ಪರೀಕ್ಷೆ ಸರಳ. ಗಾಜಿನ ಗೂಡಿನೊಳಗೆ ಸೋಸಿದ ಗಾಳಿ. ಅದರಲ್ಲಿ ಒಬ್ಬರು ಕೂತು ಆಲಿಕೆಯಂಥ ಕೊಳವೆಗೆ ಮುಖವಿಟ್ಟು, ಎದುರಿನ ಪರದೆಯ ಮೇಲಿನ ಪಾಠವನ್ನು ಓದಬೇಕು. ಓದಲು ಬಾರದವರು ಕೇಳಿಸಿಕೊಂಡು ಹೇಳಬೇಕು. ಬಾಯಿಂದ ಹೊರಬಿದ್ದ ಹನಿಗಳು ಕೊಳವೆಯೊಳಗಿನ ಬೆಳಕಿನ ಗೆರೆಯನ್ನು ದಾಟುವಾಗ ಮಿನುಗುತ್ತವೆ. ಆ ಮಿನುಗುಗಳನ್ನು ಯಂತ್ರ ಎಣಿಸುತ್ತದೆ. ಶುರುವಾಗುವ ಮುನ್ನ ಒಂದು ಹೆಣ್ಣುದನಿ ನಯವಾಗಿ ಹೇಳುತ್ತದೆ: "ದಮ್ ಇರುವಷ್ಟು ಹೊತ್ತು ಓದಿರಿ."

ಸಾಲಿನ ಮುಂದೆ ಮೈಲಾರಪ್ಪ. ಗರಡಿಯಲ್ಲಿ ಪಳಗಿದ ಮೈ, ಹೋದ ಸಲದ ಗುಂಟೂರು. ಸೂರಿನ ಕೆಳಗಿದ್ದುದರಿಂದ ತುಟಿ ಬಿಗಿದು ನಿಂತಿದ್ದ. ಅವನ ಹಿಂದೆ ರಾಜೇಸಾಬ. ಬೀಡಿ ಸೇದಿ ಸೇದಿ ಎದೆ ಗೂಡಾದವನು, ಆದರೆ ಬ್ಯಾಡಗಿ. ಮಾತಾಡುವ ಹಕ್ಕನ್ನು ಅವನು ಪೂರ್ತಿ ಬಳಸಿಕೊಳ್ಳುತ್ತಿದ್ದ.

"ಲೇ ಮೈಲಾರಿ, ದಮ್ ಐತೇನಲೇ ಇನ್ನೂ? ಹೆಂಡ್ತಿ ಕೈ ರೊಟ್ಟಿ ತಿಂದು ಮೆತ್ತಗಾಗೀದಿ."

ಮೈಲಾರಪ್ಪ ತಿರುಗಿ ತೊಡೆ ತಟ್ಟಿದ. ಸಾಲಿನಲ್ಲಿದ್ದವರು ಸಿಳ್ಳೆ ಹಾಕಿದರು. ಗೂಡಿನೊಳಗೆ ಹೋದವನು ಎದೆ ತುಂಬಿಕೊಂಡು ಪಾಠ ಶುರುಮಾಡಿದ. ಮೂರು ಸಾಲು, ನಾಲ್ಕು ಸಾಲು, ಉಸಿರು ಎಳೆಯಲಿಲ್ಲ. ಕತ್ತಿನ ನರ ಉಬ್ಬಿದವು. ಐದನೆಯ ಸಾಲಿಗೆ ದನಿ ಹೋಗಿ ಬರೀ ಗಾಳಿ ಬರುತ್ತಿತ್ತು. ಆದರೂ ಬಿಡದೆ ಹಿಂಡಿಹಿಂಡಿ ಮುಗಿಸಿ, ದೊಡ್ಡದಾಗಿ ಉಸಿರೆಳೆದು ಮತ್ತೆ ಶುರುಮಾಡಿದ. ನೂರ ಎಪ್ಪತ್ತೆಂಟು.

ರಾಜೇಸಾಬ ಎರಡು ಸಾಲಿಗೆ ಕೆಮ್ಮಿ ನಿಲ್ಲಿಸಿದ. ಇಪ್ಪತ್ತೆರಡು. ಹೊರಗೆ ಬಂದು ಕಸ್ತೂರಿಗೆ ಕೈಮುಗಿದ.

"ನೋಡ್ರಿ ಅಕ್ಕಾರ, ನನಗ ದಮ್ ಇಲ್ಲ, ಅದಕ್ಕ ಬ್ಯಾಡಗಿ. ದಮ್ ಇದ್ದ ಗಂಡಸರೆಲ್ಲ ಗುಂಟೂರಾಗಿ ಬಾಯಿ ಮುಚಗೊಂಡ ಕುಂತ್ರು. ಊರಾಗ ಮಾತಾಡವರು ಹೆಂಗಸರು, ಮತ್ತ ನನ್ನಂಥ ಬೀಡಿ ಗಿರಾಕಿ."

ಎಲ್ಲರೂ ನಕ್ಕರು. ಡಾಕ್ಟರ್ ಇಂದುಮತಿ ನಗಲಿಲ್ಲ.

"ಒಂದ್ನಿಮಿಷ. ಕಸ್ತೂರಿ, ದಮ್ ಇರೋವಷ್ಟು ಹೊತ್ತು ಅಂದ್ರೆ ಇವ್ರು ಏನಂತ ತಿಳ್ಕೋತಾರೆ?"

ಕಸ್ತೂರಿ ಆ ವಾಕ್ಯವನ್ನು ದಿನಕ್ಕೆ ನೂರು ಸಲ ಕೇಳುತ್ತಿದ್ದಳು. ಕೇಳಿ ಕೇಳಿ ಅದು ಫ್ಯಾನಿನ ಸದ್ದಿನಂತಾಗಿತ್ತು. ಈಗ ಅದನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಂಡಳು.

"ಶಕ್ತಿ ಇದ್ರ ಓದು ನೋಡೂಣು ಅಂದಂಗ ಕೇಳಸ್ತೇತ್ರಿ, ಮೇಡಂ. ಸವಾಲ್ ಹಾಕಿದಂಗ."

"ನಾನು ಸುಸ್ತಾದ್ರೆ ನಿಲ್ಸಿ ಅಂತಿದೆ ಅಂದ್ಕೊಂಡಿದ್ದೆ. ನಮ್ಮ ಕಡೆ ದಮ್ಮು ಅಂದ್ರೆ ಉಬ್ಬಸದ ಕಾಯ್ಲೆ. ಮೇಲಿನೋರು ಈ ಭಾಗದ ಮಾತು ಇರ್ಲಿ ಅಂತ ಇದನ್ನ ಹಾಕ್ಸಿರ್ಬೇಕು." ಅವರು ಗಾಜಿನ ಗೂಡಿನತ್ತ ನೋಡಿದರು. "ಮೈಲಾರಪ್ಪನೋರನ್ನ ಇನ್ನೊಂದ್ಸಲ ಕೂರ್ಸಿ."

ಮೈಲಾರಪ್ಪ ಮತ್ತೆ ಕೂತ. ಡಾಕ್ಟರು ಮೈಕಿನಲ್ಲಿ ಹೇಳಿದರು, "ಈ ಸಲ ಜೋರು ಬೇಡ. ಬೇಕಾದಾಗೆಲ್ಲ ಉಸಿರು ತಗೊಳಿ. ಮನೇಲಿ ಮಾತಾಡ್ತೀರಲ್ಲ, ಹಾಗೆ ಓದಿ."

ಗೂಡಿನೊಳಗೆ ಮಾತಾಡಲು ಅಡ್ಡಿಯಿಲ್ಲ. ಮೈಲಾರಪ್ಪ ಕೊಳವೆಯಿಂದ ಮುಖ ಎತ್ತಿದ. "ಮನ್ಯಾಗ ಮಾತಾಡಾಕ ನೀವ ಬಿಟ್ಟಿಲ್ಲಲ್ರಿ, ಮೇಡಂ. ಹೆಂಗ ಮಾತಾಡ್ತಿದ್ನೆಪಾ ಅನ್ನೂದ ಮರತೈತಿ."

ಆದರೂ ಓದಿದ. ನಲವತ್ತೊಂದು.

*

ಮಧ್ಯಾಹ್ನ ಡಾಕ್ಟರು ತಮ್ಮ ಊಟದ ಡಬ್ಬಿ ಸುತ್ತಿ ತಂದಿದ್ದ ಪ್ಲಾಸ್ಟಿಕ್ ಚೀಲವನ್ನು ನಲ್ಲಿಯ ಕೆಳಗೆ ಹಿಡಿದು ಒದ್ದೆ ಮಾಡಿ, ಅದರ ಬಾಯಿಯನ್ನು ಅಂಟಿಸಿ, ಮೆಲ್ಲಗೆ ಬಿಡಿಸಿದರು. ಎರಡು ಪದರಗಳ ನಡುವೆ ನೀರಿನ ಪೊರೆ ಎಳೆದು, ಒಡೆದು, ಅವರ ಕನ್ನಡಕದ ಮೇಲೆ ಸಣ್ಣ ಹನಿಗಳು ಕೂತವು.

"ಶ್ವಾಸಕೋಶದ ಕೊನೇ ಕವಲುಗಳು ಕೂದಲಿನಷ್ಟು ಸಣ್ಣ, ಒಳಗೆಲ್ಲ ಒದ್ದೆ. ಉಸಿರನ್ನ ಪೂರ್ತಿ ಹಿಂಡಿ ಹೊರಗೆ ಹಾಕಿದ್ರೆ ಅವು ಹೀಗೆ ಅಂಟ್ಕೊಳತ್ವೆ. ಮತ್ತೆ ಉಸಿರೆಳೆದಾಗ ಬಿಟ್ಕೊಳತ್ವೆ. ಆಗ ಈ ಪೊರೆ ಒಡೆದು ಹನಿ ಆಗತ್ತೆ. ನಾವು ಅಳೆದಿದ್ದು ಅವರು ಮಾತಾಡೋ ಘಾಟಲ್ಲ, ಹಟ ಮಾಡೋ ಘಾಟು."

"ಹಂಗಾರ ಖರೇ ಗುಂಟೂರು ಅಂತ ಯಾರೂ ಇಲ್ಲೇನ್ರಿ?"

"ಇದಾರೆ. ಸುಮ್ನೆ ಮಾತಾಡಿದ್ರೂ ಬೇರೆಯೋರಿಗಿಂತ ಹತ್ತು ಪಾಲು ಹನಿ ಬಿಡೋರು. ಅವರ ಲೋಳೆಯ ಅಂಟು ಕಮ್ಮಿ ಇರ್ಬಹುದು, ಬೇಗ ಒಡೆಯುತ್ತೆ. ಯಾಕೆ ಅಂತ ನಮಗಿನ್ನೂ ಪೂರ್ತಿ ಗೊತ್ತಿಲ್ಲ. ಅದೂ ಅಲ್ದೆ, ಘಾಟು ಅನ್ನೋದು ಬರೀ ಪಾತ್ರೆ. ಆ ಪಾತ್ರೇಲಿ ಆ ದಿನ ಎಷ್ಟು ವೈರಸ್ ಇತ್ತು ಅನ್ನೋದನ್ನ ಯಾರೂ ಅಳೆದಿಲ್ಲ."

ಹಳೆಯ ಪರೀಕ್ಷೆಗಳ ಉಸಿರಿನ ಗೆರೆಯೆಲ್ಲ ಯಂತ್ರದ ನೆನಪಿನಲ್ಲಿ ಉಳಿದಿತ್ತು. ಎಲ್ಲಿ ಸಹಜ ಮಾತು ಮುಗಿದು ಹಿಂಡುವುದು ಶುರುವಾಯಿತು ಎಂದು ಅದರಲ್ಲಿ ಕಾಣುತ್ತಿತ್ತು. ಅಲ್ಲಿಂದಾಚೆಗಿನ ಹನಿಗಳನ್ನು ಬಿಟ್ಟು ಮತ್ತೆ ಎಣಿಸಿದರೆ ಸರಿಯಾದ ಅಂಕಿ ಸಿಗುತ್ತದೆ. ಸಂಜೆಯ ಹೊತ್ತಿಗೆ ಹತ್ತಾರು ಗುಂಟೂರಿನವರನ್ನು ಹಾಗೆ ನೋಡಿದರು. ಮುಕ್ಕಾಲು ಪಾಲು ಬ್ಯಾಡಗಿಯಾದರು.

ಕಸ್ತೂರಿ ಕೇಳದೆ ಕೂತಿದ್ದಳು. ಡಾಕ್ಟರೇ ಅವಳ ಮುಖ ನೋಡಿ ಫಕೀರಪ್ಪನ ಹೆಸರು ಒತ್ತಿದರು. ಪರದೆಯ ಮೇಲೆ ಅವನ ಉಸಿರಿನ ಗೆರೆ ಬಂತು. ಉದ್ದಕ್ಕೆ, ಎಲ್ಲಿಯೂ ಮುರಿಯದೆ, ಬುಟ್ಟಿಯ ಕೊನೆಯ ದರ ಮುಟ್ಟಿಸುವವನ ಗೆರೆ. ಕೊನೆಯಲ್ಲಿ ಹಿಂಡಿದ ಬಾಲವನ್ನು ಕತ್ತರಿಸಿದ ಮೇಲೆ ಅಂಕಿ ಮೂವತ್ತಮೂರು.

"ಕಸ್ತೂರಿ, ನಿಮ್ಮ ಮನೆಯೋರು ಬ್ಯಾಡಗಿ."

"ಹೌದ್ರಿ" ಎಂದಳು. ಖುಷಿ ಎಲ್ಲೋ ದೂರದ ಕೋಣೆಯಲ್ಲಿ ಕೂತಂತಿತ್ತು. ಎದ್ದು ಬಾಣದ ಕೋಣೆಯ ಬಾಗಿಲಿಗೆ ಹೋದಳು. "ಮತ್ತ ನಮ್ಮತ್ತಿ ಬಾಣ?"

ಡಾಕ್ಟರು ಎದ್ದು ಬಂದು ಬಾಣದ ಪರದೆಯ ಮುಂದೆ ಕೂತರು. ಆಮೇಲೆ, ಇದು ಬರೀ ಪ್ರಯೋಗ, ಉಳಿಸುವುದಿಲ್ಲ ಎಂದು ಹೇಳಿ ಹೊಸ ಅಂಕಿ ಹಾಕಿದರು.

ನಕ್ಷೆಯಲ್ಲಿ ಅವರ ಓಣಿ ದೊಡ್ಡದಾಯಿತು. ನೀಲವ್ವನ ಚುಕ್ಕೆಯಲ್ಲಿ ನಾಟಿದ್ದ ಬಾಣದ ಬಾಲ ಫಕೀರಪ್ಪನನ್ನು ಬಿಟ್ಟು, ಗಡಿಯಾರದ ಮುಳ್ಳಿನಂತೆ ತಿರುಗಿ, ಅದೇ ಮನೆಯ ಇನ್ನೊಂದು ಚುಕ್ಕೆಯ ಮೇಲೆ ನಿಂತಿತು.

ಹದಿನಾಲ್ಕು ತುಂಬದ ಮಕ್ಕಳ ಘಾಟನ್ನು ಯಾರಿಗೂ ಹೇಳುವುದಿಲ್ಲ, ಅವರಿಗೆ ನಿಯಮವೂ ಇಲ್ಲ. ಬಾಣದ ಲೆಕ್ಕಕ್ಕೆ ಮಾತ್ರ ಬಳಸುತ್ತಾರೆ. ವಿದ್ಯಾಶ್ರೀಯ ಅಂಕಿ ನೂರ ಹದಿನೆಂಟು. ಅವಳ ಗೆರೆಯಲ್ಲಿ ಕತ್ತರಿಸಲು ಬಾಲವೇ ಇರಲಿಲ್ಲ. ಸಹಜವಾಗಿ ಉಸಿರಾಡುತ್ತ, ಸುದ್ದಿ ಓದುವಂತೆ ಓದಿದ್ದಳು. ಅಜ್ಜಿಗೆ ಜ್ವರ ಬರುವ ಹಿಂದಿನ ವಾರ ಅವಳಿಗೆ ಒಂದೆರಡು ದಿನ ಮೂಗು ಸೋರಿತ್ತು. ನೆಗಡಿ ಎಂದು ಯಾರೂ ಗಮನಿಸಿರಲಿಲ್ಲ.

"ಸಾವಿನ ಬಾಣ ಮಗೂ ಮೇಲೆ ಬಂದ್ರೆ ವಯಸ್ಸಿನ ವಿನಾಯ್ತಿ ಹೋಗತ್ತೆ" ಎಂದರು ಡಾಕ್ಟರು. "ಅವಳಿಗೂ ಮನೆಗೂ ಸಂದೇಶ ಹೋಗತ್ತೆ. ಶಾಲೇಲಿ ಮೌನ."

"ಬಾಲ ಇಲ್ಲದ ಬಾಣ ಇಡಾಕ ಬರೂದಿಲ್ಲೇನ್ರಿ? ಯಾರಿಂದ ಬಂತೋ ಗೊತ್ತಿಲ್ಲ ಅಂತ?"

"ಕಂಪ್ಯೂಟರ್ ಒಪ್ಪಲ್ಲ. ಯಾರಾದ್ರೂ ಒಬ್ರು ಇರ್ಲೇಬೇಕು. ಆ ಜಾಗ ಖಾಲಿ ಬಿಡೋಕೆ ಬರೋ ಹಾಗೆ ಮಾಡಿ ಅಂತ ನಾನು ಮೇಲಕ್ಕೆ ಹೇಳಿ ವರ್ಷ ಆಯ್ತು." ಅವರು ಪ್ರಯೋಗವನ್ನು ಅಳಿಸಿದರು. ಬಾಣ ಫಕೀರಪ್ಪನಿಗೆ ಮರಳಿತು. "ತಪ್ಪು ಪರೀಕ್ಷೆ ಅಂತ ಊರಿಗೆ ಹೇಳ್ಲೇಬೇಕು, ಅದನ್ನ ಮುಚ್ಚಿಡೋಕೆ ಆಗಲ್ಲ. ಆದ್ರೆ ಮರುಎಣಿಕೆ ಕೇಳ್ಕೊಂಡು ಬಂದೋರದ್ದು ಮಾತ್ರ ತಿದ್ತೀವಿ. ಬರ್ಬೇಕೋ ಬೇಡ್ವೋ ಅವರವರಿಗೆ ಬಿಟ್ಟಿದ್ದು."

"ಆಕೀ ಘಾಟು ಮುಂದ ಕಮ್ಮಿ ಆಗಬಹುದೇನ್ರಿ?"

"ಬೆಳೀತಾ ಆಗ್ಬಹುದು. ಆಗ್ದೇನೂ ಇರ್ಬಹುದು." ಹೊರಡುವಾಗ ಡಾಕ್ಟರು ಕಪಾಟಿನಿಂದ ಅಂಗೈಯಗಲದ ಒಂದು ಯಂತ್ರ ತೆಗೆದು ಕೊಟ್ಟರು. ಉಪ್ಪುನೀರನ್ನು ಮಂಜಿನಂತೆ ಬಿಡುವಂಥದ್ದು. "ಬೆಳಿಗ್ಗೆ ಶಾಲೆಗೆ ಹೋಗೋ ಮುಂಚೆ ಇದನ್ನ ಎಳ್ಕೊಳ್ಲಿ. ಲೋಳೆ ಗಟ್ಟಿಯಾಗಿ ಕೆಲವು ಗಂಟೆ ಹನಿ ಕಮ್ಮಿ ಬರತ್ತೆ. ನಿಮ್ಮ ಮನಸ್ಸಿಗೂ ಸ್ವಲ್ಪ..."

*

ಫಕೀರಪ್ಪ ಹಿತ್ತಲಿನಲ್ಲಿ ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ. ಒಳಗೆ ವಿದ್ಯಾ ಮರುದಿನದ ಸುದ್ದಿ ಓದಿ ಅಭ್ಯಾಸ ಮಾಡುತ್ತಿದ್ದಳು. ಕಸ್ತೂರಿ ಸೆರಗಿನಿಂದ ಕೈ ಒರೆಸಿಕೊಂಡು ಎದುರಿಗೆ ಕೂತಳು. ಹೇಗೆ ಶುರುಮಾಡಬೇಕೆಂದು ಕೇಂದ್ರದಿಂದ ಮನೆಯವರೆಗೆ ಯೋಚಿಸಿದ್ದಳು. ಈಗ ಯೋಚಿಸಿದ್ದೊಂದೂ ಬರಲಿಲ್ಲ.

"ಪರೀಕ್ಷಾ ತಪ್ಪಾಗಿತ್ರಿ" ಎಂದಳು. ಮೈಲಾರಪ್ಪನ ಕಥೆ, ದಮ್ಮಿನ ಕಥೆ, ಒದ್ದೆ ಚೀಲದ ಕಥೆ ಎಲ್ಲವನ್ನೂ ಹೇಳಿದಳು. "ನಿಮ್ಮದು ಮೂವತ್ತಮೂರು. ನೀವು ಗುಂಟೂರಲ್ಲ. ಯಾವಾಗೂ ಆಗಿದ್ದಿಲ್ಲ."

ಅವನ ಬೆರಳುಗಳು ನಿಂತವು. ತುಂಬ ಹೊತ್ತು ಹುಣಸೆಹಣ್ಣನ್ನೇ ನೋಡಿದ.

"ಮಾತಾಡ್ರಿ" ಎಂದಳು ಕಸ್ತೂರಿ. "ಈಗ ಮಾತಾಡಬಹುದು ನೀವು. ಅತ್ತಿಗೆ ನೀವು ಹಚ್ಚಿಲ್ಲ."

ಅವನು ತಲೆ ಎತ್ತಿ ಅಂಗೈಯನ್ನು ಮೇಲೆ ತಿರುಗಿಸಿದ. ಮತ್ತೆ ಯಾರು?

ಈ ಪ್ರಶ್ನೆ ಬರುತ್ತದೆಂದು ಕಸ್ತೂರಿಗೆ ಗೊತ್ತಿತ್ತು. ಗೊತ್ತಿಲ್ಲ ಎಂದು ಹೇಳುವುದೆಂದೂ ನಿಶ್ಚಯಿಸಿದ್ದಳು. ಅದು ಸುಳ್ಳೂ ಅಲ್ಲ, ಡಾಕ್ಟರೇ ಹೇಳಿದ್ದರು, ಪಾತ್ರೆಯಲ್ಲಿ ಏನಿತ್ತೆಂದು ಯಾರೂ ಅಳೆದಿಲ್ಲ. ನಾನು ಎನ್ನಲು ಬರುತ್ತಿತ್ತೇ ಎಂದೂ ಯೋಚಿಸಿದಳು. ಅವಳ ಘಾಟು ಹದಿನೇಳು. ಅದು ಅವನಿಗೆ ಗೊತ್ತಿತ್ತು. ಬಾಯಿ ತೆರೆದಳು. ಮಾತು ಬರುವ ಮೊದಲು ಒಳಗಿನಿಂದ ವಿದ್ಯಾಳ ದನಿ ಬಂತು, "ಇಂದಿನ ಮುಖ್ಯಾಂಶಗಳು..."

ಕಸ್ತೂರಿ ಬಾಗಿಲ ಕಡೆ ನೋಡಲಿಲ್ಲ. ನೋಡಬಾರದೆಂದು ನೆಲ ನೋಡಿದಳು. ಆದರೆ ಎರಡು ವರ್ಷದಿಂದ ಹುಬ್ಬು, ಕಣ್ಣು, ಬೆರಳಿನಲ್ಲೇ ಮಾತು ನಡೆಸಿದವನಿಗೆ ಅಷ್ಟು ಸಾಕಾಯಿತು. ಅವನು ಬಾಗಿಲ ಕಡೆ ತಿರುಗಿದ. ಅವಳ ಮುಖ ನೋಡಿದ. ಮತ್ತೆ ಬಾಗಿಲ ಕಡೆ ನೋಡಿದ.

"ಸಣ್ಣ ಕೂಸು ಅದು" ಎಂದಳು ಕಸ್ತೂರಿ. "ಆಕೀಗೆ ಸಂದೇಶ ಬರತೈತಂತ. ಸಾಲ್ಯಾಗ ಬಾಯಿ ಮುಚ್ಚಿಸ್ತಾರಂತ."

ಫಕೀರಪ್ಪ ಹುಣಸೆ ಮೆತ್ತಿದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ಆಮೇಲೆ ಅವನ ಬಾಯಿಂದ ಒಂದು ಸದ್ದು ಬಂತು. ಮೊದಲು ಅದು ಮಾತೆಂದು ತಿಳಿಯಲಿಲ್ಲ, ಬಾವಿಯ ಹಳೆ ಗಡಗಡಿ ತಿರುಗಿದಂತಿತ್ತು.

"ನನ್ನ ಮ್ಯಾಲೆ ಇರ್ಲಿ."

"ಅಲ್ರಿ..."

"ಇರ್ಲಿ, ಕಸ್ತೂರಿ."

ಅದು ಅವನ ದನಿಯೇ ಎಂದು ಅವಳಿಗೆ ಅನಿಸಲಿಲ್ಲ. ಅವನು ಮತ್ತೆ ಬೀಜ ಬಿಡಿಸತೊಡಗಿದ. ಆಮೇಲೆ ಮಾತಾಡಲಿಲ್ಲ.

*

ಸುದ್ದಿ ಹೊರಬಿದ್ದ ಮೇಲೆ ಕೇಂದ್ರದ ಮುಂದೆ ಸಾಲು ರಸ್ತೆಯವರೆಗೆ ಬೆಳೆಯಿತು. ಕಸ್ತೂರಿ ಹೆಸರು ಕೇಳುವುದು, ಗೆರೆ ಕತ್ತರಿಸುವುದು, ಹೊಸ ಅಂಕಿ ಹೇಳುವುದು. ಜನ ಅಲ್ಲೇ, ಬಾಗಿಲಲ್ಲೇ ಮಾತು ಶುರುಮಾಡುತ್ತಿದ್ದರು. ಒಬ್ಬ ಮುದುಕ ತನ್ನ ಹೆಸರನ್ನೇ ಮೂರು ನಾಲ್ಕು ಸಲ ಹೇಳಿಕೊಂಡ. ಮೈಲಾರಪ್ಪ ರಾಜೇಸಾಬನನ್ನು ಎರಡು ವರ್ಷದ ಬಡ್ಡಿ ಸೇರಿಸಿ ಬಯ್ದ. ಮಾರುಕಟ್ಟೆಯಲ್ಲಿ ಲಿಲಾವು ಮತ್ತೆ ಕೂಗಿನಲ್ಲಿ ನಡೆಯತೊಡಗಿತು.

ಒಳಗಿನ ಕೋಣೆಯಲ್ಲಿ ಬಾಣಗಳು ತಿರುಗುತ್ತಿದ್ದವು. ಮಾವನಿಂದ ಸೊಸೆಗೆ, ಅಣ್ಣನಿಂದ ತಂಗಿಗೆ. ಮೊದಲ ವಾರ ಯಾರೂ ಅದನ್ನು ಗಮನಿಸಲಿಲ್ಲ. ಆಮೇಲೆ ಫೋನುಗಳಿಗೆ ಸಂದೇಶ ಹೋದವು. ಗುತ್ತಲ ರಸ್ತೆಯ ಒಬ್ಬ ಹೆಂಗಸು ಕೇಂದ್ರಕ್ಕೆ ಬಂದು, ತನ್ನ ಗಂಡನ ಹಳೆ ಅಂಕಿಯನ್ನೇ ಮತ್ತೆ ಹಾಕಲು ಬರುತ್ತದೆಯೇ ಎಂದು ಬೆರಳಿನಲ್ಲಿ ಕೇಳಿದಳು. ಬಾಣ ಈಗ ಅವಳ ಮೇಲಿತ್ತು. ಬರುವುದಿಲ್ಲ ಎಂದು ಕಸ್ತೂರಿಯೇ ಹೇಳಬೇಕಾಯಿತು. ಆ ಹೆಂಗಸು ಹೋದ ಮೇಲೆ ಮುಂದಿನ ಹೆಸರು ಕರೆದಳು. ತನಗೆ ಏನಾದರೂ ಅನಿಸಬೇಕು ಎಂದು ಗೊತ್ತಿತ್ತು.

ಬೆಳಿಗ್ಗೆ ಬೆಳಿಗ್ಗೆ ವಿದ್ಯಾಳನ್ನು ಕೂರಿಸಿ ಉಪ್ಪಿನ ಮಂಜು ಎಳೆಸುತ್ತಿದ್ದಳು.

"ಯಾಕ ಬೇ ಇದು? ನನಗ ಏನಾಗೇತಿ?"

"ಗಂಟಲಕ್ಕ ಚಲೋ. ದನಿ ಏಳತೈತಿ."

"ನನ್ನ ದನಿ ಇನ್ನೂ ಎದ್ರ ಹೆಡ್ ಮಾಸ್ತರ್ ಕುರ್ಚಿ ಬಿಟ್ಟ ಓಡ್ತಾರ."

ತರಗತಿಯ ಕಿಟಕಿಗಳನ್ನು ತೆರೆದಿಡಿ ಎಂದು ಕಸ್ತೂರಿ ಶಾಲೆಗೆ ಕೇಂದ್ರದ ಹೆಸರಿನಲ್ಲಿ ಹೇಳಿ ಬಂದಳು. ಆ ಶಾಲೆಯೊಂದಕ್ಕೇ ಹೇಳಿದರೆ ಸಂಶಯ ಬರುತ್ತದೆಂದು ಊರಿನ ಎಲ್ಲ ಶಾಲೆಗೂ ಹೋದಳು. ವಿದ್ಯಾಳ ಪಕ್ಕದಲ್ಲಿ ಕೂರುವ ಹುಡುಗಿಯ ಮನೆಯಲ್ಲಿ ವಯಸ್ಸಾದವರು ಇದ್ದಾರೆಯೇ ಎಂದು ಮಾತಿನ ನಡುವೆ ವಿಚಾರಿಸಿದಳು. ಇದ್ದರು. ಆ ರಾತ್ರಿ ಊಟ ಸೇರಲಿಲ್ಲ. ಮರುದಿನ ಸೇರಿತು.

ಸಾಲು ಕರಗಿತು. ಕೊನೆಗೆ ಮರುಎಣಿಕೆಗೆ ಬಾರದೆ ಉಳಿದವರು ಕೆಲವೇ ಮಂದಿ. ಅವರು ಮೊದಲಿನ ಗುಂಟೂರಿನವರಂತಲ್ಲ. ತಾವೇ ತಪ್ಪು ಒಪ್ಪಿಕೊಂಡವರು ಎಂದು ಜನ ಮಾತಾಡಿಕೊಂಡರು.

ಆ ಸಂಜೆ ಫಕೀರಪ್ಪ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಊಟಕ್ಕೆ ಕೂತಿದ್ದ. ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ವಿದ್ಯಾ ಒಳಗೆ ಬಂದು ತಟ್ಟೆ ಹಾಕಿಕೊಂಡು ಕೂರದೆ ನಿಂತಳು.

"ಅಪ್ಪಾ, ನೀ ಯಾಕ ಹೋಗಿಲ್ಲ?"

ಫಕೀರಪ್ಪ ರೊಟ್ಟಿ ಮುರಿದ.

"ನಮ್ಮ ಕ್ಲಾಸಿನ್ಯಾಗ ಎಲ್ಲಾರ ಅಪ್ಪಂದಿರೂ ಹೋಗಿ ಬಂದ್ರು. ರೇಣುಕಾನ ಅಪ್ಪ ಈಗ ಹಾಡತಾನಂತ. ಆಕಿ ನನ್ನ ಕೇಳಿದ್ಲು, ನಿಮ್ಮಪ್ಪ ಯಾಕ ಹೆದರ್ತಾನ ಅಂತ. ನಾ ಏನ ಹೇಳ್ಲಿ?"

"ಅವರಿಗೆ ಸುಮ್ಮನಿರೂದು ರೂಢಿ ಆಗೇತಿ" ಎಂದಳು ಕಸ್ತೂರಿ, ಹಿಟ್ಟಿನಿಂದ ತಲೆ ಎತ್ತದೆ. "ಕುಂತು ಉಣ್ಣ."

"ನಾ ಅಪ್ಪನ್ನ ಕೇಳಾಕತ್ತೀನಿ." ವಿದ್ಯಾಳ ದನಿ ಅಡುಗೆಮನೆ ತುಂಬಿತು. "ತಪ್ಪು ಇಲ್ಲದವರು ಹೋಗ್ಯಾರ. ನೀ ಹೋಗೂದಿಲ್ಲ ಅಂದ್ರ, ಅಜ್ಜೀಗೆ ಹಚ್ಚಿದಾವ ಖರೇನ ನೀನ ಏನು?"

ಫಕೀರಪ್ಪ ಬಾಯಲ್ಲಿದ್ದ ತುತ್ತು ನುಂಗಿದ. ಮಗಳ ಮುಖವನ್ನು ನೆಟ್ಟಗೆ ನೋಡಿದ. ಇದಕ್ಕೆ ದುಭಾಷಿ ಬೇಕಾಗಬಾರದು ಎನ್ನುವಂತೆ, ನಿಧಾನವಾಗಿ, ಹೌದೆಂದು ತಲೆ ಆಡಿಸಿದ.

ವಿದ್ಯಾ ತಾಯಿಯ ಕಡೆ ತಿರುಗಿದಳು. "ಅವ್ವಾ?"

ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಕಸ್ತೂರಿ ಅದನ್ನು ಮಗುಚಿ ಹಾಕಿದಳು.

"ಹೂಂ" ಎಂದಳು.

ವಿದ್ಯಾ ತಟ್ಟೆಯನ್ನು ಎತ್ತಿಕೊಂಡು ಹೊರಗೆ ಹೋದಳು. ಕಟ್ಟೆಯ ಮೇಲೆ ತಟ್ಟೆ ಇಟ್ಟ ಸದ್ದಾಯಿತು. ಆಮೇಲೆ ಅವಳು ಯಾರಿಗೋ ಫೋನು ಮಾಡಿದಳು. ಮೊದಲು ಅಳುತ್ತ, ಆಮೇಲೆ ಅಪ್ಪನನ್ನು ಬಯ್ಯುತ್ತ, ಆಮೇಲೆ ಶಾಲೆಯ ಬೇರೆ ಯಾವುದೋ ವಿಷಯ ಬಂದು ಎಂದಿನ ಏರುದನಿಯಲ್ಲಿ, ಓಣಿಯ ಕೊನೆಯವರೆಗೆ ಕೇಳುವಂತೆ ಮಾತಾಡುತ್ತಲೇ ಇದ್ದಳು. ಫಕೀರಪ್ಪ ಕೈ ತೊಳೆಯಲು ಏಳದೆ, ತಟ್ಟೆಯ ಮುಂದೆ ಕೂತು ಅದನ್ನೇ ಕೇಳುತ್ತಿದ್ದ.